ಹರಾಜಿನಲ್ಲಿ ಕೊಂಡ ಇಟಲಿ ಪೈಪು ಯಾರ ಕೈಕೆಲಸ? ಪತ್ತೆ ಮಾಡುವುದು ಹೀಗೆ

ಆನ್‌ಲೈನ್ ಹರಾಜಿನಲ್ಲಿ ಹಳೇ ತಂಬಾಕು ಪೈಪುಗಳಿಗೆ ಬರವಿಲ್ಲ. ‘ಇಟಾಲಿಯನ್ ಬ್ರೈಯರ್ ಪೈಪ್, ಬಳಸಿದ್ದು’ ಅಂತ ಒಂದು ಸಾಲು, ಮಸುಕಾದ ಎರಡು ಫೋಟೊ, ಅಷ್ಟೇ. (ಬ್ರೈಯರ್ ಅಂದರೆ ಪೈಪು ಮಾಡುವ ಮರ.) ಮಾರುವವರು ಎಷ್ಟೋ ಸಲ ಹಳೇ ಮನೆ ಖಾಲಿ ಮಾಡುವಾಗ ಸಿಕ್ಕಿದ್ದನ್ನು ಪಟ್ಟಿಗೆ ಹಾಕಿರುತ್ತಾರೆ. ಅದು ಯಾರು ಮಾಡಿದ್ದು ಅಂತ ಅವರಿಗೂ ಗೊತ್ತಿರುವುದಿಲ್ಲ. ‘ಅಪರೂಪದ್ದು’ ಎಂಬ ಮಾತನ್ನಂತೂ ಲೆಕ್ಕಕ್ಕೇ ತೆಗೆದುಕೊಳ್ಳಬೇಡಿ.

ಪೈಪಿನ ಮೂಲ ಗೊತ್ತಾಗುವುದು ಅದರ ಮೈಮೇಲಿನ ಗುರುತುಗಳಿಂದ. ಆದರೆ ಒಂದೇ ಗುರುತು ಹಿಡಿದು ತೀರ್ಮಾನಕ್ಕೆ ಬರುವುದು ಸರಿಯಲ್ಲ. ಮರದ ಮೇಲಿನ ಅಚ್ಚು, ಬಾಯಿಗಿಡುವ ಕೊಳವೆ, ಮರದ ಗುಣ, ಆಕಾರ, ಎಲ್ಲವೂ ಒಂದಕ್ಕೊಂದು ತಾಳೆಯಾಗಬೇಕು.

ಸುಲಭವಾಗಲಿ ಅಂತ ಪೈಪಿನ ಭಾಗಗಳಿಗೆ ಮೂರು ಹೆಸರು ಇಟ್ಟುಕೊಳ್ಳೋಣ. ತಂಬಾಕು ತುಂಬುವ ಜಾಗ ಬಟ್ಟಲು. ಅದರಿಂದ ಹೊರಟ ಮರದ ಭಾಗ ಕತ್ತು. ಕತ್ತಿಗೆ ಸೇರಿಸಿದ್ದು ಕೊಳವೆ.

ಪಾರ್ಸೆಲ್ ಬಂದ ತಕ್ಷಣ ಉಜ್ಜಬೇಡಿ

ಹೊಸದಾಗಿ ಕೊಂಡವರು ಮೊದಲು ಮಾಡುವುದೇ ಇದು: ಬಟ್ಟೆ, ಪಾಲಿಶ್ ತಗೊಂಡು ಉಜ್ಜುವುದು. ದಯವಿಟ್ಟು ಬೇಡ. ಕತ್ತಿನ ಮೇಲಿನ ಅಚ್ಚು ಕೂದಲೆಳೆಯಷ್ಟು ಆಳ ಇರುತ್ತದೆ. ಹಳೇ ಮಾಲೀಕರ ಬೆರಳು ತಾಗಿಯೇ ಅದು ಅರ್ಧ ಸವೆದಿರುತ್ತದೆ. ಪಾಲಿಶ್ ಚಕ್ರಕ್ಕೆ ಒಂದು ಸಲ ಕೊಟ್ಟರೆ ಉಳಿದದ್ದೂ ಹೋಗುತ್ತದೆ. ಒದ್ದೆ ಮಾಡಿ ಹಿಂಡಿದ ಹತ್ತಿ ಬಟ್ಟೆಯಿಂದ ಮೆಲ್ಲಗೆ ಧೂಳು ತೆಗೆದರೆ ಸಾಕು. ಸ್ಪಿರಿಟ್ ಬಳಸಿದರೆ ಮೇಲಿನ ಬಣ್ಣ ಎದ್ದು ಬರಬಹುದು.

ಕೊಳವೆ ಬಿಚ್ಚುವಾಗ ಬಟ್ಟಲನ್ನು ಹಿಡಿದು ತಿರುಚಬೇಡಿ. ಒಂದು ಕೈಯಲ್ಲಿ ಕತ್ತು, ಇನ್ನೊಂದರಲ್ಲಿ ಕೊಳವೆ ಹಿಡಿದು, ನಿಧಾನಕ್ಕೆ ತಿರುಗಿಸುತ್ತಾ ಎಳೆಯಿರಿ. ಜಾಮ್ ಆಗಿದ್ದರೆ ಅರ್ಧ ಗಂಟೆ ಫ್ರೀಜರ್‌ನಲ್ಲಿಟ್ಟು ನೋಡಿ, ಸಾಮಾನ್ಯವಾಗಿ ಬಿಡುತ್ತದೆ. ಬಲ ಹಾಕಿದರೆ ಕತ್ತು ಸೀಳುತ್ತದೆ.

ಅಚ್ಚು ಓದುವುದು

ಇದೇ ಮುಖ್ಯ ಕೆಲಸ, ಸಮಯ ಕೊಡಿ. ಕೋಣೆಯ ದೀಪ ಆರಿಸಿ. ಮೊಬೈಲ್ ಟಾರ್ಚನ್ನು ಮೇಲಿನಿಂದ ಹಿಡಿಯದೆ, ಕತ್ತಿನ ಪಕ್ಕಕ್ಕೆ ಮಲಗಿಸಿದಂತೆ ಹಿಡಿಯಿರಿ. ಅಡ್ಡ ಬೆಳಕಿಗೆ ಸವೆದ ಅಕ್ಷರಗಳ ಅಂಚಿನಲ್ಲಿ ನೆರಳು ಬೀಳುತ್ತದೆ. ಪೈಪನ್ನು ಸ್ವಲ್ಪ ಸ್ವಲ್ಪ ತಿರುಗಿಸುತ್ತಾ ಹೋದರೆ ಆಗ ತಾನೇ ಇಲ್ಲದಿದ್ದ ಅಕ್ಷರ ತಟ್ಟನೆ ಕಾಣುತ್ತದೆ. ಭೂತಗನ್ನಡಿ ಇದ್ದರೆ ಇನ್ನೂ ಒಳ್ಳೆಯದು. ಎಡ, ಬಲ, ಕೆಳಗೆ, ಮೂರೂ ಕಡೆ ನೋಡಿ, ಫೋಟೊ ತೆಗೆಯಿರಿ. ಕಂಡದ್ದನ್ನು ಕಂಡ ಹಾಗೆಯೇ ಬರೆದುಕೊಳ್ಳಿ. ಕಾಣದ ಅಕ್ಷರದ ಜಾಗದಲ್ಲಿ ಚುಕ್ಕಿ ಇಡಿ, ಊಹಿಸಿ ತುಂಬಬೇಡಿ.

ಒಂದು ಉದಾಹರಣೆ. ಕತ್ತಿನ ಒಂದು ಬದಿಯಲ್ಲಿ ‘ಎಸ್ತೆಲ್ಲಾ’ ಎಂದಿದೆ. ಇನ್ನೊಂದು ಬದಿಯಲ್ಲಿ ಪುಟ್ಟ ಗುರಾಣಿ, ಅದರೊಳಗೆ ಇಂಗ್ಲಿಷಿನ ‘ಎಸ್’ ಅಕ್ಷರ. ಪಕ್ಕದಲ್ಲಿ ‘320 ಕೆಎಸ್’, ಕೆಳಗೆ ‘ಇಟಲಿ’. ಗುರಾಣಿಯೊಳಗಿನ ಎಸ್ ಸವಿನೆಲ್ಲಿ ಕಂಪನಿಯದು. 1876ರಲ್ಲಿ ಮಿಲಾನಿನ ಓರೆಫಿಚಿ ಬೀದಿಯಲ್ಲಿ ಅಂಗಡಿಯಾಗಿ ಶುರುವಾದ ಮನೆತನ ಅದು. ಎರಡನೇ ಮಹಾಯುದ್ಧ ಮುಗಿದ ಮೇಲೆ ಮೊಮ್ಮಗ ಅಕಿಲೆ ಸವಿನೆಲ್ಲಿ ವರೆಸೆ ಪ್ರಾಂತ್ಯದಲ್ಲಿ ಸ್ವಂತ ಕಾರ್ಖಾನೆ ಕಟ್ಟಿದರು. ಎಸ್ತೆಲ್ಲಾ ಅವರ ಪೈಪು ಸಾಲುಗಳಲ್ಲಿ ಒಂದು. ಓಸ್ಕರ್, ಕಾಪ್ರಿ, ಪುಂತೊ ಓರೊ, ಆಟೋಗ್ರಾಫ್ ಇತ್ಯಾದಿ ಬೇರೆ ಸಾಲುಗಳೂ ಇವೆ. 320 ಅನ್ನುವುದು ಆಕಾರದ ನಂಬರು: ಕುಳ್ಳಗೆ, ದುಂಡಗೆ, ದಪ್ಪ ಕತ್ತಿನ ಪೈಪು. ಕೆಎಸ್ ಅಂದರೆ ಕಿಂಗ್ ಸೈಜ್. ಇನ್ನೂ ದೊಡ್ಡದಕ್ಕೆ ಇಎಕ್ಸ್ ಅಂತ ಇರುತ್ತದೆ.

ಈಗ ತಾಳೆ ನೋಡಿ. ನಂಬರು 320 ಇದ್ದು ಕೈಯಲ್ಲಿರುವ ಪೈಪು ಉದ್ದಕ್ಕೆ, ನೆಟ್ಟಗೆ ಇದ್ದರೆ ಎಲ್ಲೋ ತಪ್ಪಿದೆ. ನೀವು ಓದಿದ ಅಂಕಿ ತಪ್ಪಿರಬಹುದು. ಸವೆದ 8 ಎಷ್ಟೋ ಸಲ 3ರ ಹಾಗೆ ಕಾಣುತ್ತದೆ. ಮತ್ತೆ ಟಾರ್ಚ್ ಹಿಡಿಯಿರಿ.

ತಯಾರಕರ ಹೆಸರೇ ಇಲ್ಲದೆ ಬರೀ ಮೂರು ಅಂಕಿ ಮತ್ತು ‘ಇಟಲಿ’ ಇರುವ ಪೈಪುಗಳೂ ಸಿಗುತ್ತವೆ. ಮೇಲೆ ಯಾವುದೋ ಅಮೆರಿಕನ್ ಅಂಗಡಿಯ ಹೆಸರಿರುತ್ತದೆ. ಅಂಗಡಿಯವರು ಇಟಲಿಯ ಕಾರ್ಖಾನೆಗಳಿಂದ ಮಾಡಿಸಿ ತಮ್ಮ ಹೆಸರು ಒತ್ತಿಸುವುದು ಮಾಮೂಲಾಗಿತ್ತು. ಅಂಥ ಕಡೆ ಹೆಸರನ್ನು ಬಿಟ್ಟು ನಂಬರು ಹಿಡಿಯಿರಿ. ಸವಿನೆಲ್ಲಿಯ ಆಕಾರ ಪಟ್ಟಿಯಲ್ಲಿ ಆ ನಂಬರು ಇದ್ದು, ಆಕಾರವೂ ಹೊಂದಿದರೆ ಅವರದ್ದೇ ಇರುವ ಸಾಧ್ಯತೆ ಜಾಸ್ತಿ.

‘ಇಂಪೋರ್ಟೆಡ್ ಬ್ರೈಯರ್’ ಎಂಬ ಅಚ್ಚಿಗೆ ಎಷ್ಟೋ ಜನ ಮೋಸ ಹೋಗುತ್ತಾರೆ. ಮರ ಹೊರದೇಶದ್ದು ಅಂತಷ್ಟೇ ಅದರ ಅರ್ಥ. ಅಮೆರಿಕದಲ್ಲೇ ಮಾಡಿದ ಪೈಪುಗಳ ಮೇಲೂ ಇದು ಇರುತ್ತದೆ. ‘ಇಟಲಿ’ ಎಂದು ಬೇರೆಯಾಗಿ ಇದೆಯಾ ನೋಡಿ. ಅಮೆರಿಕಕ್ಕೆ ಹೋಗುವ ಸರಕಿನ ಮೇಲೆ ತಯಾರಾದ ದೇಶದ ಹೆಸರು ಇರಬೇಕು ಎಂಬ ನಿಯಮ 1890ರ ಮೆಕಿನ್ಲಿ ಸುಂಕ ಕಾಯ್ದೆಯಿಂದ ಬಂದದ್ದು. ‘ಫತ್ತಾ ಆ ಮಾನೊ’ ಎಂದರೆ ಕೈಯಲ್ಲಿ ಮಾಡಿದ್ದು.

ಕೊಳವೆಯ ಗುರುತು

ಕೊಳವೆಯ ಎಡಬದಿಯಲ್ಲೋ ಮೇಲೋ ಪುಟ್ಟ ಚಿಹ್ನೆ ಇರುತ್ತದೆ. ಇಟಲಿ ಪೈಪುಗಳ ಮಟ್ಟಿಗೆ ಇದು ದೊಡ್ಡ ಸುಳಿವು. ಬಿಳಿ ಪಟ್ಟಿ ಕೂರಿಸಿದ್ದರೆ ಕಾಸ್ತೆಲ್ಲೊ ನೆನಪಾಗಬೇಕು. 1947ರಲ್ಲಿ ಕಾರ್ಲೊ ಸ್ಕೊತ್ತಿ ಕಾಂತು ಊರಿನಲ್ಲಿ ಶುರು ಮಾಡಿದ ಕಾರ್ಯಾಗಾರ ಅದು. ಅಮೆರಿಕಕ್ಕೆ ಕಳಿಸಿದವುಗಳಲ್ಲಿ ಬಿಳಿ ಪಟ್ಟಿಯ ಬದಲು ವಜ್ರದಂತೆ ಹೊಳೆಯುವ ಪುಟ್ಟ ಹರಳು ಇರುತ್ತಿತ್ತು. ಅವರ ‘ಸೀ ರಾಕ್’ ಸಾಲಿನ ಮೈ ಕೆತ್ತಿ ಒರಟು ಮಾಡಿದ್ದು, ಬೆರಳಾಡಿಸಿದರೆ ಬಂಡೆ ಮುಟ್ಟಿದಂತಿರುತ್ತದೆ. ಕತ್ತಿನ ಮೇಲೆ ಕೆ ಅಕ್ಷರ ಒಂದರಿಂದ ನಾಲ್ಕರವರೆಗೆ ಇರಬಹುದು, ಹೆಚ್ಚಿದಷ್ಟೂ ಪೈಪು ದೊಡ್ಡದು.

ಮೀಸೆಯ ಚಿತ್ರ ಕಂಡರೆ ಅದು ಕಾಮಿನೆತ್ತೊ. ಕಾಂತು ಪಕ್ಕದ ಕುಚ್ಚಾಗೊದಲ್ಲಿ ಜುಸೆಪ್ಪೆ ಅಸ್ಕೋರ್ತಿ ಮತ್ತು ಲುಯಿಜಿ ರಾದಿಚೆ ಸೇರಿ 1960ರ ದಶಕದ ಕೊನೆಗೆ ಶುರು ಮಾಡಿದ್ದು. ಹತ್ತು ಹನ್ನೆರಡು ವರ್ಷದಲ್ಲಿ ಇಬ್ಬರೂ ಬೇರೆಯಾಗಿ, ತಂತಮ್ಮ ಹೆಸರಿನಲ್ಲೇ ಪೈಪು ಮಾಡತೊಡಗಿದರು. ಕಾಮಿನೆತ್ತೊ ಹೆಸರನ್ನು 1980ರ ದಶಕದಲ್ಲಿ ಅಸ್ಕೋರ್ತಿ ಕುಟುಂಬ ಮತ್ತೆ ಚಾಲ್ತಿಗೆ ತಂದಿತು. ಹಾಗಾಗಿ ಅಚ್ಚಿನಲ್ಲಿ ಇಬ್ಬರ ಹೆಸರೂ ಇದೆಯಾ ಎಂದು ಹುಡುಕಿ. ಇದ್ದರೆ ಅದು ಮೊದಲ ಕಾಲದ್ದು. ಸಂಗ್ರಹಕಾರರು ಹಾತೊರೆಯುವುದು ಇದಕ್ಕೇ.

ದಕ್ಷಿಣಕ್ಕೆ ಬಂದರೆ ಪೆಸರೊ ಊರಿನದು ಬೇರೆಯೇ ಶೈಲಿ. ಅಲ್ಲಿ ಜಾನ್‌ಕಾರ್ಲೊ ಗ್ವಿದಿ 1972ರಲ್ಲಿ ಮಾಸ್ತ್ರೊ ದೆ ಪಾಯಾ, 1982ರಲ್ಲಿ ಸೆರ್ ಯಾಕೊಪೊ ಎಂಬ ಪೈಪು ಕಾರ್ಯಾಗಾರಗಳನ್ನು ಕಟ್ಟಿದರು. ಬೆಳ್ಳಿಯ ಬಳೆ, ಕುಸುರಿ ಕೆಲಸ ಕಂಡರೆ ಆ ಕಡೆ ಹುಡುಕಿ ನೋಡಬಹುದು.

ಚಿಹ್ನೆ ನೋಡಿ ಆದ ಮೇಲೆ ಕೊಳವೆಯ ವಸ್ತು ಯಾವುದು ಅಂತ ನೋಡಿ. ಹಳೇ ಕೊಳವೆ ಹಸಿರು ಮಿಶ್ರಿತ ಕಂದಾಗಿದೆಯಾ? ಬೆರಳಿಂದ ಜೋರಾಗಿ ಉಜ್ಜಿ ಮೂಸಿ. ಗಂಧಕದ ವಾಸನೆ ಬಂದರೆ ವಲ್ಕನೈಟ್, ಅಂದರೆ ಗಂಧಕ ಸೇರಿಸಿ ಗಟ್ಟಿ ಮಾಡಿದ ರಬ್ಬರು. ಬಿಸಿಲು, ಗಾಳಿಗೆ ಅದು ಬಣ್ಣ ಕೆಡುತ್ತದೆ. ಎಷ್ಟು ಹಳೆಯದಾದರೂ ಮಿರಮಿರ ಕಪ್ಪಾಗಿದ್ದು, ಉಗುರಿಂದ ತಟ್ಟಿದರೆ ಗಾಜಿನ ಹಾಗೆ ಗಟ್ಟಿ ಸದ್ದು ಬಂದರೆ ಅಕ್ರಿಲಿಕ್. ಕಾಸ್ತೆಲ್ಲೊ ಪೈಪುಗಳಿಗೆ ಸಾಮಾನ್ಯವಾಗಿ ಅಕ್ರಿಲಿಕ್ಕೇ ಇರುತ್ತದೆ. ಕಾಸ್ತೆಲ್ಲೊ ಎಂಬ ಅಚ್ಚಿದ್ದು, ವಲ್ಕನೈಟ್ ಕೊಳವೆ ಇದ್ದು, ಪಟ್ಟಿಯೂ ಹರಳೂ ಇಲ್ಲದಿದ್ದರೆ ಕೊಳವೆ ಬದಲಾಗಿದೆ ಅನ್ನಬಹುದು. ಕತ್ತು ಮತ್ತು ಕೊಳವೆ ಸೇರುವ ಕಡೆ ಉಗುರು ಆಡಿಸಿ. ತಡೆದರೆ ಅಲ್ಲೂ ಅನುಮಾನ ಪಡಿ.

ಕೊಳವೆಯ ತುದಿ ಕತ್ತಿನೊಳಗೆ ಕೂರುವ ಭಾಗದಲ್ಲಿ ಅಗಲವಾದ ತೂತು ಇದೆಯಾ? ಸವಿನೆಲ್ಲಿಯವರು ಅಲ್ಲಿ ಮೂರು ಮೂಲೆಯ ಬಾಲ್ಸಾ ಮರದ ತುಂಡನ್ನು ಫಿಲ್ಟರಾಗಿ ಇಡುತ್ತಾರೆ. ಅದಕ್ಕೆ 6 ಅಥವಾ 9 ಮಿಲಿಮೀಟರ್ ತೂತು ಬೇಕು. ಹಳೇ ಬಾಲ್ಸಾ ತುಂಡು ಕಪ್ಪಗಾಗಿ ಒಳಗೇ ಉಳಿದಿದ್ದರಂತೂ ಬಲವಾದ ಸಾಕ್ಷಿ.

ಮರ ಏನು ಹೇಳುತ್ತದೆ

ಬ್ರೈಯರ್ ಅಂದರೆ ಮೆಡಿಟರೇನಿಯನ್ ತೀರದ ಎರಿಕಾ ಅರ್ಬೋರಿಯಾ ಎಂಬ ಪೊದೆಯ ಬುಡದ ಗಂಟು. ಇಟಲಿಯಲ್ಲಿ ಕಲಾಬ್ರಿಯ, ಲಿಗೂರಿಯ, ಟಸ್ಕನಿಯ ಗುಡ್ಡಗಳಲ್ಲಿ ಬೆಳೆಯುತ್ತದೆ. ಗಂಟನ್ನು ಕತ್ತರಿಸಿ, ಗಂಟೆಗಟ್ಟಲೆ ಕುದಿಸಿ, ತಿಂಗಳುಗಟ್ಟಲೆ ಒಣಗಿಸಿದ ಮೇಲೆ ಪೈಪಿಗೆ ಬರುತ್ತದೆ. ಮರ ನೋಡಿ ತಯಾರಕರ ಹೆಸರು ಹೇಳಲಾಗದು, ದರ್ಜೆ ಹೇಳಬಹುದು. ಬಟ್ಟಲನ್ನು ಬೆಳಕಿಗೆ ಹಿಡಿದು ತಿರುಗಿಸಿ. ಸುತ್ತಲಿನ ಮರ ಬಣ್ಣ ಕುಡಿದಿದ್ದು, ಅಲ್ಲಲ್ಲಿ ಸಾಸಿವೆ ಗಾತ್ರದ ಚುಕ್ಕಿ ಮಾತ್ರ ಮಂಕಾಗಿ ಉಳಿದಿದ್ದರೆ ಅದು ಲಪ್ಪ, ಅಂದರೆ ಪುಟ್ಟಿ. ಮರದ ಗುಳಿಯನ್ನು ಲಪ್ಪದಿಂದ ಮುಚ್ಚಿ ಬಣ್ಣ ಬಳಿದಿರುತ್ತಾರೆ. ಮೇಲ್ದರ್ಜೆಯ ಸಾಲಿನ ಹೆಸರಿದ್ದು ಇಂಥ ಚುಕ್ಕಿಗಳು ತುಂಬ ಕಂಡರೆ ಅಚ್ಚನ್ನು ಇನ್ನೊಮ್ಮೆ ಓದಿ.

ಹೋಲಿಸಿ ನೋಡುವುದು

ನಿಮ್ಮ ಟಿಪ್ಪಣಿ ಹಿಡಿದು ಈಗ ಹುಡುಕಾಟ ಶುರು ಮಾಡಿ. ಪೈಪುಗಳ ವಿಶ್ವಕೋಶದಂತಿರುವ ಪೈಪ್‌ಪೀಡಿಯ ತಾಣದಲ್ಲಿ ತಯಾರಕರ ಚರಿತ್ರೆ ಸಿಗುತ್ತದೆ. ಪೈಪ್‌ಫಿಲ್ ತಾಣದಲ್ಲಿ ಕೊಳವೆಯ ಚಿಹ್ನೆಗಳ ಫೋಟೊಗಳಿವೆ, ಹೆಸರು ಓದಲಾಗದಿದ್ದಾಗ ಇದೇ ಗತಿ. ಹರಾಜು ತಾಣಗಳಲ್ಲಿ ಈಗಾಗಲೇ ಮಾರಾಟವಾದ ಪೈಪುಗಳ ಫೋಟೊ ನೋಡಿ, ಅಕ್ಷರದ ಶೈಲಿಯನ್ನೂ ಹೋಲಿಸಿ.

ವರ್ಷದ ಬಗ್ಗೆ ಮಾತ್ರ ಜಾಸ್ತಿ ಆಸೆ ಬೇಡ. ಇಂಗ್ಲೆಂಡಿನ ಡನ್‌ಹಿಲ್ ಪೈಪಿನ ಮೇಲೆ ವರ್ಷ ಸೂಚಿಸುವ ಪುಟ್ಟ ಅಂಕಿ ಇರುತ್ತದೆ. ಸವಿನೆಲ್ಲಿಯಲ್ಲಿ ಅಂಥ ಏರ್ಪಾಡಿಲ್ಲ. ದಶಕ ಗೊತ್ತಾದರೂ ಅದು ಒಳ್ಳೆಯ ಪತ್ತೆಯೇ.

ಇನ್ನೊಂದು ಪೈಪು ಕೊಳ್ಳುವ ಯೋಚನೆ ಇದ್ದರೆ, ಬಿಡ್ ಹಾಕುವ ಮೊದಲೇ ಮಾರುವವರಿಗೆ ಬರೆಯಿರಿ: ಕತ್ತಿನ ಎರಡೂ ಬದಿ, ಕೊಳವೆಯ ಚಿಹ್ನೆ, ಕೊಳವೆ ಬಿಚ್ಚಿದ ಫೋಟೊ ಕಳಿಸಿ ಅಂತ. ಕಳಿಸದಿದ್ದರೆ ಬಿಟ್ಟುಬಿಡಿ. ಪತ್ತೆ ಮುಗಿದ ಮೇಲೆ ಪಾಲಿಶ್ ಮಾಡುವುದಿದ್ದರೆ, ಅಚ್ಚಿರುವ ಜಾಗಕ್ಕೆ ಮೊದಲು ಪೇಂಟರ್‌ಗಳು ಬಳಸುವ ಕಾಗದದ ಟೇಪ್ ಅಂಟಿಸಿ.