ದಾರ ಕಟ್ಟುವ ಮೊದಲು ಚಕ್ಕುಬಂದಿ ನೋಡಿ

ಹೊಳಲ್ಕೆರೆ ಸುತ್ತಿನ ಹಳ್ಳಿಗಳಲ್ಲಿ ಇಪ್ಪತ್ತೆರಡು ವರ್ಷಗಳಿಂದ ಗಾರೆ ಕೆಲಸ ಮಾಡುತ್ತಿದ್ದೇನೆ. ಮನೆ ಕಟ್ಟಿಸಲು ಯಾರೇ ಕರೆದರೂ ನಾನು ಮೊದಲು ಕೇಳುವುದು ಪಂಚಾಯಿತಿ ಲೈಸೆನ್ಸು, ಅಂದರೆ ಮನೆ ಕಟ್ಟುವ ಅನುಮತಿ ಪತ್ರ. “ನಮ್ಮಪ್ಪನ ಕಾಲದ ಜಾಗ, ಯಾರು ಕೇಳುತ್ತಾರೆ ಮೇಸ್ತ್ರಿ?” ಎನ್ನುತ್ತಾರೆ. ಕೇಳುವವರು ಪಕ್ಕದ ಮನೆಯಲ್ಲೇ ಇರುತ್ತಾರೆ. ಒಮ್ಮೆ ಮೂರಡಿ ಪಾಯ ತೋಡಿ ಸೈಜುಗಲ್ಲು ಇಳಿಸಿದ ದಿನವೇ ನೆರೆಯವರ ತಕರಾರಿನಿಂದ ನೋಟಿಸ್ ಬಂತು. ಮಳೆಗೆ ಪಾಯ ಹೊಂಡವಾಯಿತು, ನನ್ನ ಆರು ಆಳುಗಳು ಬೇರೆ ಕೆಲಸ ಹಿಡಿದರು.

1993ರ ಪಂಚಾಯತ್ ರಾಜ್ ಕಾಯ್ದೆಯ 64ನೇ ಪ್ರಕರಣದಂತೆ ಹಳ್ಳಿಯಲ್ಲಿ ಕಟ್ಟಡ ಕಟ್ಟಲು ಗ್ರಾಮ ಪಂಚಾಯಿತಿಯ ಲಿಖಿತ ಅನುಮತಿ ಬೇಕು. ಸದಸ್ಯರೊಬ್ಬರು ಬಾಯಿಮಾತಿನಲ್ಲಿ “ಕಟ್ಟಿಕೊಳ್ಳಿ” ಎಂದರೆ ಅದು ಅನುಮತಿಯಲ್ಲ.

ನಿಮ್ಮ ಜಾಗ ಗ್ರಾಮಠಾಣದೊಳಗೆ, ಅಂದರೆ ಊರಿನ ಮನೆಗಳಿಗೆಂದು ಗುರುತಾದ ಜಾಗದೊಳಗೆ ಇದೆಯೋ, ಹೊಲದ ಸರ್ವೆ ನಂಬರಿನಲ್ಲಿದೆಯೋ ಎಂಬುದನ್ನು ಮೊದಲು ತಿಳಿದುಕೊಳ್ಳಿ. ಹೊಲದಲ್ಲಾದರೆ ಭೂ ಕಂದಾಯ ಕಾಯ್ದೆಯ 95ನೇ ಪ್ರಕರಣದಡಿ ಜಿಲ್ಲಾಧಿಕಾರಿಗಳಿಂದ ಭೂ ಪರಿವರ್ತನೆ, ಅಂದರೆ ಹೊಲವನ್ನು ಮನೆ ಜಾಗವಾಗಿ ಬದಲಾಯಿಸುವ ಆದೇಶ ಆಗಬೇಕು. ಪಹಣಿ ಕೈಯಲ್ಲಿ ಹಿಡಿದು ನೇರವಾಗಿ ಲೈಸೆನ್ಸ್ ಕೇಳಿದರೆ ಸಿಗುವುದಿಲ್ಲ. ದಾವಣಗೆರೆ, ಹರಿಹರದ ಸುತ್ತಲಿನವರು ತಮ್ಮ ಊರು ನಗರಾಭಿವೃದ್ಧಿ ಪ್ರಾಧಿಕಾರದ ವ್ಯಾಪ್ತಿಗೆ ಸೇರಿದೆಯೇ ಎಂದೂ ವಿಚಾರಿಸಬೇಕು.

ಗ್ರಾಮಠಾಣದ ಜಾಗಕ್ಕೆ ಪಂಚಾಯಿತಿಯ ಇ-ಸ್ವತ್ತು ತಂತ್ರಾಂಶದಿಂದ ಬರುವ ಆಸ್ತಿ ದಾಖಲೆಗಳಾದ ನಮೂನೆ 9 ಮತ್ತು 11ಎ ಬೇಕು. ಖಾತೆ ಇನ್ನೂ ತಾತನ ಹೆಸರಿನಲ್ಲಿದ್ದರೆ ಮರಣ ಪ್ರಮಾಣಪತ್ರ, ವಂಶವೃಕ್ಷ ಕೊಟ್ಟು ಖಾತೆ ಬದಲಾಯಿಸಿಕೊಳ್ಳಿ. ಅಣ್ಣತಮ್ಮಂದಿರ ಸಹಿ ಈ ಹಂತದಲ್ಲೇ ಮುಗಿಯಲಿ. ಗೋಡೆ ಮೇಲೆದ್ದ ಮೇಲೆ ಸಹಿಗೆ ಬೆಲೆ ಬರುತ್ತದೆ.

ಅರ್ಜಿ ಸಿಕ್ಕಿಹಾಕಿಕೊಳ್ಳುವುದು ಬಹಳ ಸಲ ಚಕ್ಕುಬಂದಿಯಲ್ಲಿ, ಅಂದರೆ ಜಾಗದ ನಾಲ್ಕೂ ದಿಕ್ಕಿನ ಗಡಿ ವಿವರದಲ್ಲಿ. ಹಳೆಯ ಪತ್ರದಲ್ಲಿ “ಪೂರ್ವಕ್ಕೆ ಬಣವೆ ಜಾಗ, ಉತ್ತರಕ್ಕೆ ಹುಣಸೇಮರ” ಎಂದಿರುತ್ತದೆ. ಬಣವೆ ಇದ್ದಲ್ಲಿ ಈಗ ಸಿಮೆಂಟ್ ರಸ್ತೆ, ಹುಣಸೇಮರ ಯಾವ ಕಾಲದಲ್ಲೋ ಒಲೆಗೆ ಹೋಯಿತು. ಅರ್ಜಿ ಬರೆಯುವ ಮುನ್ನ ಊರಿನ ಹಿರಿಯರೊಬ್ಬರನ್ನೂ ನಾಲ್ಕೂ ದಿಕ್ಕಿನ ನೆರೆಯವರನ್ನೂ ನಿಲ್ಲಿಸಿಕೊಂಡು ಟೇಪು ಹಿಡಿಯಿರಿ. ಬಟ್ಟೆ ಟೇಪು ಬೇಡ, ಎಳೆದಷ್ಟೂ ಬರುತ್ತದೆ, ಉಕ್ಕಿನದೇ ಆಗಲಿ. ನಮೂನೆ 9ರ ಅಳತೆ ಮೀಟರಿನಲ್ಲಿದ್ದು ನಕ್ಷೆ ಅಡಿಯಲ್ಲಿದ್ದರೆ ಎರಡನ್ನೂ ತಾಳೆ ಹಾಕಿ: 30 ಅಡಿ ಎಂದರೆ 9.14 ಮೀಟರ್, 40 ಅಡಿ ಎಂದರೆ 12.19. ಕಾಗದದಲ್ಲಿ ಇರುವುದಕ್ಕಿಂತ ಒಂದಡಿ ಹೆಚ್ಚು ಜಾಗ ಸಿಕ್ಕಿತೆಂದು ಹಿಗ್ಗಬೇಡಿ. ಆ ಒಂದಡಿ ಯಾರದ್ದೋ ಬಚ್ಚಲ ನೀರು ಹರಿಯುವ ದಾರಿಯಾಗಿರುತ್ತದೆ.

ಆಯದ, ಅಂದರೆ ಮನೆಯ ಉದ್ದಗಲ ಶುಭವೋ ಎಂದು ಶಾಸ್ತ್ರದಂತೆ ನೋಡುವ ಲೆಕ್ಕದ ವಿಚಾರವನ್ನೂ ಹೇಳಿಬಿಡುತ್ತೇನೆ. ಆಯ ನೋಡಿಸುವವರು ನಕ್ಷೆ ಬರೆಸುವ ಮುಂಚೆಯೇ ನೋಡಿಸಿ. ಎಂಜಿನಿಯರ್ ಬರೆದ ನಕ್ಷೆಗೆ ಅನುಮತಿ ಬಂದ ಮೇಲೆ ಶಾಸ್ತ್ರಿಗಳು “ಅರ್ಧ ಮೊಳ ಹೆಚ್ಚಿಸಿ” ಎಂದರೆ ನಾನು ಯಾರ ಮಾತು ಕೇಳಲಿ? ಕಾಗದದಲ್ಲಿದ್ದಷ್ಟೇ ಕಟ್ಟುತ್ತೇನೆಂದು ಎರಡು ಮನೆಗಳ ಕೆಲಸ ಬಿಟ್ಟಿದ್ದೇನೆ.

ಅರ್ಜಿಯ ಜೊತೆ ನಮೂನೆಗಳು, ಕ್ರಯಪತ್ರ ಅಥವಾ ವಿಭಾಗಪತ್ರ, ಚಾಲ್ತಿ ವರ್ಷದ ಕಂದಾಯದ ರಶೀದಿ, ನಕ್ಷೆಯ ಪ್ರತಿಗಳು, ಆಧಾರ್ ಜೆರಾಕ್ಸ್ ಇರಲಿ. ಬೇರೆ ಏನಾದರೂ ಬೇಕೇ ಎಂದು ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರನ್ನು ಮೊದಲೇ ಕೇಳಿ. ಅರ್ಜಿಗೆ ಸ್ವೀಕೃತಿ, ಕಟ್ಟಿದ ಶುಲ್ಕಕ್ಕೆ ರಶೀದಿ ಪಡೆಯದೆ ಕಚೇರಿಯಿಂದ ಹೊರಬರಬೇಡಿ.

ಜಾಗ ನೋಡಲು ಬಂದವರಿಗೆ ತಲೆಯ ಮೇಲಿನ ತಂತಿಯನ್ನೂ ತೋರಿಸಿ. 11 ಕೆವಿ ತಂತಿಗೂ ಗೋಡೆಗೂ ಅಡ್ಡಕ್ಕೆ ಕನಿಷ್ಠ 1.2 ಮೀಟರ್ ಅಂತರ ಬೇಕು. ತಂತಿ ಹತ್ತಿರವಿದ್ದರೆ ವಿದ್ಯುತ್ ಕಂಪನಿ ಬೆಸ್ಕಾಂಗೆ ಈಗಲೇ ಬರೆಯಿರಿ. ಸಜ್ಜ ಹಾಕುವಾಗ ಬರೆದರೆ ಸೆಂಟ್ರಿಂಗ್ ಬಾಡಿಗೆ ದಿನದಿನಕ್ಕೆ ಏರುತ್ತದೆ.

ಆಷಾಢದಲ್ಲಿ ನಮ್ಮ ಕಡೆ ಗುದ್ದಲಿ ಪೂಜೆ ಮಾಡುವುದಿಲ್ಲ. ಆ ಬಿಡುವಿನಲ್ಲಿ ಅರ್ಜಿ ಹಾಕಿದರೆ ದೀಪಾವಳಿ ಕಳೆದು ಮಳೆ ಹಿಂದೆ ಸರಿಯುವ ಹೊತ್ತಿಗೆ ಪಾಯಕ್ಕೆ ಕೈ ಹಾಕಬಹುದು. ಲೈಸೆನ್ಸಿನ ಒಂದು ಜೆರಾಕ್ಸ್ ನನಗೂ ಕೊಡಿ. ಪ್ಲಾಸ್ಟಿಕ್ ಕವರಿನಲ್ಲಿ ಮಡಚಿ, ತೂಕದ ಗುಂಡು, ಮಟ್ಟದ ಪೈಪಿನ ಜೊತೆ ನನ್ನ ಚೀಲದಲ್ಲೇ ಇಟ್ಟುಕೊಳ್ಳುತ್ತೇನೆ.