ಬೆಟಗೇರಿಯಲ್ಲಿ ಕೂತು ಭವಂಗ ಹುಡುಕಿದ್ದು

ಕನಸೂ ಇಲ್ಲದ ಗಾಢ ನಿದ್ದೆಯಲ್ಲಿ ಮನಸ್ಸು ಎಲ್ಲಿರುತ್ತದೆ? ಆತ್ಮ ಇಲ್ಲ ಎನ್ನುವ ಬೌದ್ಧರಿಗೆ ಇದು ಸಣ್ಣ ಪ್ರಶ್ನೆ ಅಲ್ಲ. ಶ್ರೀಲಂಕಾ, ಬರ್ಮಾ ಕಡೆಯ ಬೌದ್ಧ ಪಂಥವಾದ ಥೇರವಾದದಲ್ಲಿ ಮನಸ್ಸನ್ನು ಬಿಡಿಸಿ ನೋಡುವ ಶಾಸ್ತ್ರ ಅಭಿಧಮ್ಮ. ಅದು ಕೊಡುವ ಉತ್ತರ ಭವಂಗ. ನೋಡುವುದು, ಕೇಳುವುದು, ಯೋಚಿಸುವುದು ಯಾವುದೂ ನಡೆಯದಾಗಲೂ ಒಂದರ ಹಿಂದೆ ಒಂದು ಹುಟ್ಟಿ ಅಳಿಯುತ್ತಾ ಹೋಗುವ ಚಿತ್ತಗಳ, ಅಂದರೆ ಅರಿವಿನ ಕ್ಷಣಗಳ, ಹರಿವು ಅದು. ಓದಿದರೆ ಅರ್ಥ ಆಗುತ್ತದೆ. ಕೂತು ನೋಡಿದರೆ ಸಿಗುತ್ತದಾ ಅನ್ನುವುದು ನನ್ನ ಕುತೂಹಲ.

ನಮ್ಮದು ಗದಗ-ಬೆಟಗೇರಿಯ ನೇಕಾರರ ಓಣಿ. ಬೆಳಗಾದರೆ ಮಗ್ಗದ ಸದ್ದು. ಧ್ಯಾನಕ್ಕೆ ಶಾಂತ ಜಾಗ ಬೇಕು ಅಂತಾರೆ, ನನಗೆ ಈ ಸದ್ದೇ ಬೇಕಾಗಿತ್ತು. ಯಾಕೆಂದರೆ ಅಭಿಧಮ್ಮ ಒಂದು ಸದ್ದು ಕೇಳಿಸುವುದನ್ನು 17 ಚಿತ್ತಕ್ಷಣಗಳಾಗಿ ಬಿಡಿಸಿಡುತ್ತದೆ. ಸದ್ದು ಕಿವಿಗೆ ತಾಕಿದಾಗ ಒಂದು ಭವಂಗ ಸುಮ್ನೆ ದಾಟುತ್ತದೆ. ಇನ್ನೊಂದು ಅಲುಗುತ್ತದೆ. ಮೂರನೆಯದಕ್ಕೆ ಹರಿವು ಕಡಿಯುತ್ತದೆ. ಆಗ ಮನಸ್ಸು ಕಿವಿಯ ಬಾಗಿಲಿಗೆ ತಿರುಗುತ್ತದೆ, ಕೇಳುತ್ತದೆ, ತೆಗೆದುಕೊಳ್ಳುತ್ತದೆ, ಪರೀಕ್ಷಿಸುತ್ತದೆ, ಇಂಥದ್ದು ಅಂತ ನಿರ್ಧರಿಸುತ್ತದೆ. ಆಮೇಲೆ 7 ಜವನ, ಅಂದರೆ ಮನಸ್ಸು ಆ ಸದ್ದಿಗೆ ಪ್ರತಿಕ್ರಿಯಿಸುವ ಕ್ಷಣಗಳು; 2 ತದಾರಮ್ಮಣ, ಅಂದರೆ ಅದೇ ಸದ್ದನ್ನು ಇನ್ನೂ ಹಿಡಿದುಕೊಂಡಿರುವ ಕ್ಷಣಗಳು; ಮತ್ತೆ ಭವಂಗ. ಹಳೆಯ ಅಟ್ಠಕಥೆಯವರು, ಅಂದರೆ ಪಾಳಿ ವ್ಯಾಖ್ಯಾನಕಾರರು, ಇದಕ್ಕೆ ಮಾವಿನ ಮರದ ಕೆಳಗೆ ಮಲಗಿದವನ ಕಥೆ ಹೇಳುತ್ತಾರೆ. ಹಣ್ಣು ಬಿತ್ತು, ಎಚ್ಚರಾಯಿತು, ನೋಡಿದ, ಎತ್ತಿಕೊಂಡ, ಹಿಚುಕಿದ, ಮೂಸಿದ, ತಿಂದ. ತಿನ್ನುವುದೇ ಜವನ. ಕರ್ಮ ಕಟ್ಟುವುದು ಅಲ್ಲೇ.

ಮೊದಲು ಉಸಿರಿನ ಮೇಲೆ ಮನಸ್ಸು ನಿಲ್ಲಿಸುತ್ತಿದ್ದೆ. ಅದು ತಳ ಊರಿದ ಮೇಲೆ ಕಿವಿಗೆ ಬಿಡುತ್ತಿದ್ದೆ. ಮಗ್ಗ, ಲಾಳಿ ಅಂತ ಹೆಸರಿಡುವುದಿಲ್ಲ, ಬರೀ ಸದ್ದು. ಹದಿನೇಳು ಕ್ಷಣ ಎಣಿಸಿದೆ ಅಂತ ಯಾರಾದರೂ ಹೇಳಿದರೆ ನಾನಂತೂ ನಂಬುವುದಿಲ್ಲ, ಅಷ್ಟು ಬೇಗ ಆಗುವ ಕೆಲಸ ಅದು. ಆದರೆ ಒಂದು ಸಂಗತಿ ಸ್ಪಷ್ಟವಾಗಿ ಕಂಡಿತು. ಸದ್ದು ಬೇರೆ, ಅದರ ಮೇಲೆ ಏಳುವ ‘ಥೂ, ಇಷ್ಟು ಬೇಗ ಶುರು ಮಾಡಿದರಲ್ಲ’ ಬೇರೆ. ನಡುವೆ ಸಂದು ಇದೆ. ಇನ್ನೊಂದು, ಎಷ್ಟೋ ಪೆಟ್ಟುಗಳು ನನಗೆ ಕೇಳಿಸಿಯೇ ಇರುವುದಿಲ್ಲ. ಅಭಿಧಮ್ಮದಲ್ಲಿ ಅದಕ್ಕೂ ಜಾಗ ಇದೆ: ವಿಷಯ ತೀರಾ ದುರ್ಬಲವಾಗಿದ್ದರೆ ಭವಂಗ ಬರೀ ಅಲುಗಿ ಸುಮ್ಮನಾಗುತ್ತದೆ, ಕೇಳುವುದು ಹುಟ್ಟುವುದೇ ಇಲ್ಲ.

ಭವಂಗ ಮಾತ್ರ ಸಿಗಲಿಲ್ಲ. ನೋಡುವುದು ಶುರುವಾದರೆ ಅದು ಕಡಿದಿರುತ್ತದೆ, ಮತ್ತೆ ಹೇಗೆ ಸಿಗಬೇಕು? ಸಿಕ್ಕಿತು ಅನ್ನುವವರ ಬಗ್ಗೆ ಸ್ವಲ್ಪ ಹುಷಾರಾಗಿರಬೇಕು. ಜೊತೆಗೆ ಕೂರುವ ಗೆಳೆಯರೊಬ್ಬರು ಒಮ್ಮೆ ಖುಷಿಯಿಂದ ಎದ್ದರು.

“ಹೊತ್ತು ಹೋಗಿದ್ದ ಗೊತ್ತಾಗಲಿಲ್ರಿ, ಏನೂ ಇರಲಿಲ್ಲ.”

“ಉಸಿರು ಗೊತ್ತಿತ್ತೇನ್ರಿ?”

“ಇಲ್ರಿ.”

ಅದು ಸಮಾಧಿ ಅಲ್ಲ, ಭವಂಗಕ್ಕೆ ಜಾರಿದ್ದು. ಇದನ್ನೇ ನಿಬ್ಬಾಣ (ನಿರ್ವಾಣ) ಅಂದುಕೊಳ್ಳಬೇಡಿ ಅಂತ ಬರ್ಮಾದ ಧ್ಯಾನ ಗುರುಗಳು ಎಚ್ಚರಿಸುತ್ತಾರೆ. ಕೂರುವ ಮೊದಲು ಮುಖ ತೊಳೆದು, ಬೆನ್ನು ನೆಟ್ಟಗೆ ಮಾಡಿದರೆ ಅರ್ಧ ಕೆಲಸ ಆದಂತೆ.

ನಮ್ಮ ಕಡೆ ಇದನ್ನು ವಿವರಿಸಿದರೆ ಬರುವ ಮೊದಲ ಮಾತು, “ಅಂದ್ರ ಆತ್ಮನ ಅಲ್ವಾ?” ಅಲ್ಲ. ಮಗ್ಗದ ಒಂದು ಪೆಟ್ಟಿಗೆ ಕಡಿದುಹೋಗುವುದು ಆತ್ಮ ಹೇಗಾದೀತು? ಆದರೆ ಮಹಾಯಾನದ ಯೋಗಾಚಾರ ಪಂಥದ ಗುರುಗಳಾದ ಅಸಂಗ, ವಸುಬಂಧು ಹೇಳುವ ಆಲಯವಿಜ್ಞಾನ, ಅಂದರೆ ಎಲ್ಲವನ್ನೂ ಕೂಡಿಟ್ಟುಕೊಳ್ಳುವ ತಳದ ಅರಿವಿನ ವಿಷಯದಲ್ಲಿ ಈ ಅನುಮಾನಕ್ಕೆ ಬಲ ಜಾಸ್ತಿ. ಅದು ಕಡಿಯುವುದಿಲ್ಲ. ನೋಡುವಾಗಲೂ, ಕೇಳುವಾಗಲೂ ಕೆಳಗೆ ಪ್ರವಾಹದ ಹಾಗೆ ಹರಿಯುತ್ತಲೇ ಇರುತ್ತದೆ, ಕರ್ಮದ ಬೀಜಗಳನ್ನು ಹೊತ್ತುಕೊಂಡು. ಸಂಧಿನಿರ್ಮೋಚನ ಎಂಬ ಮಹಾಯಾನ ಸೂತ್ರದಲ್ಲಿ ಬುದ್ಧನೇ, ಬಾಲರು (ತಿಳಿವಳಿಕೆ ಇಲ್ಲದವರು) ಇದನ್ನು ಆತ್ಮ ಅಂದುಕೊಂಡಾರು ಅಂತ ಅವರಿಗೆ ಹೇಳಲಿಲ್ಲ ಎನ್ನುತ್ತಾನೆ.

ಹುಬ್ಬಳ್ಳಿಯಿಂದ ತಡಸ ದಾಟಿ ಮುಂಡಗೋಡಿಗೆ ಹೋದರೆ ಟಿಬೆಟನ್ನರ ಡ್ರೆಪುಂಗ್, ಗಾಂಡೆನ್ ಮಠಗಳಿವೆ. ಅಲ್ಲಿ ಆಲಯವಿಜ್ಞಾನವನ್ನು ಚೆನ್ನಾಗಿ ಓದಿಸಿ, ಆಮೇಲೆ ವಾದದಲ್ಲಿ ಕೆಡವುತ್ತಾರೆ. ಅವರ ಪಂಥದ ಮೂಲಗುರು ಚೋಂಖಪ ಯಾವುದಕ್ಕೂ ಸ್ವಂತ ಇರವು ಇಲ್ಲ ಎನ್ನುವ ಪ್ರಾಸಂಗಿಕ ಮತದವರು, ಅಂಥ ಆಲಯ ಬೇಕಾಗಿಯೇ ಇಲ್ಲ ಎನ್ನುವವರು. ನನಗೆ ಅಷ್ಟು ದೂರ ಹೋಗುವ ಧೈರ್ಯ ಇಲ್ಲ. ಕೂತಾಗ ಭವಂಗದ ಲೆಕ್ಕ ಸಾಕಾಗುತ್ತದೆ. ಹಳೆಯ ಸಿಟ್ಟು ಇಷ್ಟು ವರ್ಷ ಎಲ್ಲಿತ್ತು ಎಂಬ ಪ್ರಶ್ನೆ ಎದ್ದ ದಿನ ವಸುಬಂಧುವಿನ ಪುಟ ತೆರೆಯುತ್ತೇನೆ.