ಹಲ್ಲಿನ ಡಾಕ್ಟರು ಅಂಗೈ ನೋಡಿದ್ದು

ನಾಲ್ಕು ವರ್ಷದ ಹುಡುಗಿ. ಬಾಯಿ ವಾಸನೆ, ಊದಿದ ವಸಡು, ಅಲುಗಾಡುವ ಹಾಲುಹಲ್ಲು. ಹಲ್ಲು ಸರಿಯಾಗಿ ಉಜ್ಜಿಸುತ್ತಿಲ್ಲ ಎಂದು ತಾಯಿಗೆ ಗದರಿ, ಕ್ಲೀನ್ ಮಾಡಿ ಕಳಿಸಿದೆ. ಮೂರು ತಿಂಗಳ ನಂತರ ಆಕೆ ಸೆರಗಿನ ಗಂಟು ಬಿಚ್ಚಿ ತೋರಿಸಿದ್ದು ಎರಡು ದವಡೆ ಹಲ್ಲು. ಹಾಲುಹಲ್ಲು ಬೀಳುವುದು ಬೇರು ಕರಗಿದ ಮೇಲೆ. ಇವುಗಳ ಬೇರು ಹಾಗೇ ಇತ್ತು! ಗದರಿದ್ದು ನೆನಪಾಗಿ ನಾಚಿಕೆಯಾಯಿತು.

ಎಕ್ಸ್‌ರೇಯಲ್ಲಿ ಹಲ್ಲುಗಳ ಸುತ್ತ ಮೂಳೆಯೇ ಇರಲಿಲ್ಲ. ಆಗ ಮಗುವಿನ ಕೈ ಹಿಡಿದು ನೋಡಿದೆ. ಅಂಗೈ ಒರಟು, ಅಂಗಾಲು ಬಿರುಕು. ಓದುವಾಗ ಪುಸ್ತಕದಲ್ಲಷ್ಟೇ ಕಂಡಿದ್ದ ಪ್ಯಾಪಿಲಾನ್-ಲೆಫೆವ್ರ್ ಸಿಂಡ್ರೋಮ್. 1924ರಲ್ಲಿ ಇಬ್ಬರು ಫ್ರೆಂಚ್ ವೈದ್ಯರು ವಿವರಿಸಿದ ಕಾಯಿಲೆ ಇದು. ಹತ್ತು ಲಕ್ಷಕ್ಕೆ ಒಬ್ಬರಿಂದ ನಾಲ್ವರಿಗೆ ಬರುತ್ತದೆ.

"ಸಂಬಂಧದಲ್ಲೇ ಮದುವೆನಾ?" ಎಂದೆ. ಆಕೆ ಮುಖ ತಿರುಗಿಸಿದಳು. ಗಂಡ ಆಕೆಯ ಸ್ವಂತ ಸೋದರಮಾವ. ನಮ್ಮ ಕಡೆ ಇದು ಹೊಸದಲ್ಲ, ಆದರೆ ಡಾಕ್ಟರು ಕೇಳಿದರೆ ಬೈದ ಹಾಗೆ ಕೇಳಿಸುತ್ತದೆ. ಈಗ ನಾನು ಎಲ್ಲರಿಗೂ ಕೇಳುತ್ತೇನೆ, ಹೆಸರು ಊರು ಕೇಳುವಾಗಲೇ.

ರಕ್ತ ಬೆಂಗಳೂರಿನ ಲ್ಯಾಬಿಗೆ ಹೋಯಿತು. ಸಿಟಿಎಸ್‌ಸಿ ಎಂಬ ಜೀನ್‌ನ ಎರಡೂ ಪ್ರತಿಗಳಲ್ಲಿ, ಅಪ್ಪನಿಂದ ಬಂದದ್ದರಲ್ಲೂ ಅಮ್ಮನಿಂದ ಬಂದದ್ದರಲ್ಲೂ, ದೋಷ. ಸಂಬಂಧದಲ್ಲಿ ಮದುವೆಯಾದವರಿಬ್ಬರಲ್ಲೂ ಅದೇ ಕೆಟ್ಟ ಪ್ರತಿ ಇರುವ ಸಾಧ್ಯತೆ ಹೆಚ್ಚು. ಬಿಳಿ ರಕ್ತಕಣಗಳ ಆಯುಧಗಳನ್ನು ಸಜ್ಜುಗೊಳಿಸುವ ಕೆಥೆಪ್ಸಿನ್ ಸಿ ಎಂಬ ಕಿಣ್ವ ತಯಾರಾಗುವುದು ಆ ಜೀನ್‌ನಿಂದ. ಅದು ಕೆಟ್ಟರೆ ವಸಡಿನ ಸೋಂಕು ಹತೋಟಿಗೆ ಬರದೆ ಮೂಳೆ ಕರಗುತ್ತದೆ. ಹಾಲುಹಲ್ಲೆಲ್ಲ ಉದುರಿದ ಮೇಲೆ ವಸಡು ಚೆನ್ನಾಗಿಯೇ ಆಗುತ್ತದೆ. ಶಾಶ್ವತ ಹಲ್ಲು ಬಂದೊಡನೆ ಮತ್ತೆ ಅದೇ ಕಥೆ.

ನಿಜ ಹೇಳಬೇಕೆಂದರೆ, ಹುಡುಗಿಯ ರೋಗ ಹೇಳಲು ಅಂಗೈ ಸಾಕಿತ್ತು. ಜೀನ್ ಪರೀಕ್ಷೆ ಬೇಕಾದದ್ದು ತಾಯಿಯ ಮಡಿಲಲ್ಲಿದ್ದ ಐದು ತಿಂಗಳ ತಮ್ಮನಿಗೆ. ಹಲ್ಲಿಲ್ಲ, ಅಂಗೈ ಬೆಣ್ಣೆಯಂತಿತ್ತು. ಅವನಿಗೂ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಬಂದೇ ಇತ್ತು.

ಅಕ್ಕನಿಗೆ ಉಳಿದ ಹಾಲುಹಲ್ಲನ್ನೆಲ್ಲ ತೆಗೆದೆ. ಆರನೇ ವಯಸ್ಸಿನ ದವಡೆ ಹಲ್ಲು ಬರುವ ಮೊದಲು ಬಾಯಿ ಸೋಂಕಿಲ್ಲದೆ ಖಾಲಿ ಇರಲೆಂದು. ಜೊತೆಗೆ ಆ್ಯಂಟಿಬಯೋಟಿಕ್, ಆಮೇಲೆ ಪುಟ್ಟ ಸೆಟ್ ಹಲ್ಲು. ಅದನ್ನು ಹಾಕಿಕೊಂಡು ರೊಟ್ಟಿ ಕಡಿದು ತೋರಿಸಿದಳು. ಚರ್ಮಕ್ಕೆ ಬೇರೆ ಡಾಕ್ಟರು ನೋಡಿದರು. ತಮ್ಮನಿಗೆ ಮೊದಲ ಹಲ್ಲು ಮೂಡಿದ ದಿನದಿಂದ ಪ್ರತಿ ತಿಂಗಳು ಕ್ಲೀನಿಂಗ್. ಈಗ ಆರು ವರ್ಷ. ಎರಡು ದವಡೆ ಹಲ್ಲು ತೆಗೆಯಬೇಕಾಯಿತು. ಕೆಳಗಿನ ಮುಂದಿನ ಹಲ್ಲು ಮಾತ್ರ ಬೇರು ಕರಗಿ, ಬೀಳಬೇಕಾದ ವಯಸ್ಸಿನಲ್ಲೇ ಬಿದ್ದವು. ಆ ಹಲ್ಲನ್ನೂ ಆಕೆ ಸೆರಗಿನಲ್ಲಿ ಕಟ್ಟಿ ತಂದಿದ್ದಳು.

ಇದನ್ನು ಕೇಳಿದವರು ಎಂಜಲಿನಿಂದ ಜೀನ್ ನೋಡುವ ಕಿಟ್‌ನ ರಿಪೋರ್ಟ್ ಹಿಡಿದು ಬರುತ್ತಾರೆ, "ವಸಡು ರೋಗದ ಅಪಾಯ ಹೆಚ್ಚು" ಎಂದು ಬರೆದದ್ದು. ಉರಿಯೂತ ಹೆಚ್ಚಿಸುವ ಇಂಟರ್‌ಲ್ಯೂಕಿನ್-1 ಎಂಬ ಪ್ರೋಟೀನಿನ ಜೀನ್‌ಗೂ ವಸಡಿಗೂ ನಂಟಿದೆ ಎಂಬ ಮಾತು 1997ರಿಂದ ಇದೆ, ಜಗಳವೂ ಇದೆ. ಸಾಮಾನ್ಯ ಹುಳುಕು, ವಸಡು ರೋಗ ಬರುವುದನ್ನು ಮೊದಲೇ ಹೇಳುವ ಜೀನ್ ಪರೀಕ್ಷೆ ಇನ್ನೂ ಇಲ್ಲ ಎಂದು ಅಮೆರಿಕನ್ ಡೆಂಟಲ್ ಅಸೋಸಿಯೇಷನ್ನೇ ಹೇಳಿದೆ. ಅವರ ಜೇಬಿನಲ್ಲಿ ಗುಟ್ಕಾ ಇದೆಯೇ ಕೇಳುತ್ತೇನೆ, ಶುಗರ್ ಟೆಸ್ಟಿಗೆ ಬರೆಯುತ್ತೇನೆ.

ಹುಡುಗಿಗೀಗ ಹತ್ತು ವರ್ಷ. ಕೆಳಗಿನ ಒಂದು ಮುಂದಿನ ಹಲ್ಲು ಹೋಗಿದೆ, ಮಿಕ್ಕವು ಗಟ್ಟಿಯಾಗಿವೆ. ಕಳೆದ ಸಲ ತಾಯಿ ತಗ್ಗಿದ ದನಿಯಲ್ಲಿ ಕೇಳಿದಳು: "ದೊಡ್ಡೋಳಾದ ಮೇಲೆ ನನ್ನ ತಮ್ಮಂಗೇ ಕೊಡಬೇಕು ಅಂತ ಮನೇಲಿ ಮಾತಿದೆ, ಡಾಕ್ಟ್ರೇ." ಕಾಗದದ ಮೇಲೆ ವಂಶವೃಕ್ಷ ಬರೆದು ತೋರಿಸಿದೆ: ಅವನಲ್ಲೂ ಕೆಟ್ಟ ಪ್ರತಿ ಒಂದಿದ್ದರೆ, ಇವರ ಮಕ್ಕಳಲ್ಲಿ ಪ್ರತಿಯೊಂದಕ್ಕೂ ಅರ್ಧಕ್ಕರ್ಧ ಅಪಾಯ. ಆಕೆ ಕಾಗದ ಮಡಚಿ ಒಯ್ದಳು. ಮೊನ್ನೆ ಆ ತಮ್ಮನೇ ಬಂದು ರಕ್ತ ಕೊಟ್ಟು ಹೋದ. ವರದಿ ಇನ್ನೂ ಬಂದಿಲ್ಲ.